ವಿಜ್ಞಾನ ವಿಹಾರ: ಮರಳು ಹೇಳುವ ವಯಸ್ಸು

ಹೈದರಾಬಾದಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋಗಿ ಬರುವ ನಮ್ಮವರೆಲ್ಲರೂ ಕರ್ನೂಲನ್ನು ಬಲ್ಲರು. ಆ ಸೀಮೆಯ ಜುರ್ರೇರು ಹೊಳೆಯ ಕಣಿವೆಯಲ್ಲಿ ಜ್ವಾಲಾಪುರವೆಂಬ ಹಳ್ಳಿಯಿದೆ. ಅಲ್ಲಿ ನೆಲವನ್ನು ಅಗೆದರೆ ಕೆಲವೆಡೆ ಎರಡೂವರೆ ಮೀಟರಿಗೂ ಹೆಚ್ಚು ದಪ್ಪನಾದ ಬಿಳಿಯ ಬೂದಿ ಕಾಣುವುದು. ಅದು ಯಾವ ಋಷಿಯ ಯಜ್ಞಕುಂಡದ್ದೂ ಅಲ್ಲ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾ ದ್ವೀಪದ ತೋಬಾ ಅಗ್ನಿಪರ್ವತ ಸಿಡಿದಾಗ ಹಾರಿ ಬಂದು, ನೀರಿನಲ್ಲಿ ಹರಿದು ತಗ್ಗಿನಲ್ಲಿ ಶೇಖರವಾದ ಬೂದಿ ಅದು.

ಈ ಬೂದಿಯ ಕೆಳಗೂ ಮೇಲೂ ಆದಿಮಾನವರ ಕಲ್ಲಿನ ಆಯುಧಗಳು ದೊರೆತಿವೆ. ಹಾಗಾದರೆ ಅಂಥ ಉತ್ಪಾತವನ್ನು ಇಲ್ಲಿಯ ಜನ ಬದುಕಿ ದಾಟಿದರೇ? ಉತ್ತರ ಬೇಕಾದರೆ ಮೊದಲು ಆ ಮಣ್ಣಿನ ಪದರಗಳ ವಯಸ್ಸು ತಿಳಿಯಬೇಕು. ಇದ್ದಿಲು, ಎಲುಬುಗಳಲ್ಲಿಯ ಇಂಗಾಲದಿಂದ ಕಾಲವನ್ನು ಎಣಿಸುವ ಕ್ರಮ ಸುಮಾರು 50,000 ವರ್ಷಗಳಾಚೆಗೆ ನಡೆಯದು. ಇನ್ನು ಕಲ್ಲಿನ ಆಯುಧವೋ, ತಾನಾಗಿ ತನ್ನ ವಯಸ್ಸನ್ನು ಹೇಳದು. ಅದರ ಪರವಾಗಿ ಸಾಕ್ಷಿ ನುಡಿಯುವುದು ಸುತ್ತಲಿನ ಮರಳು!

ಹೇಗೆಂದರೆ, ಮರಳಿನ ಕಣವನ್ನು ಒಂದು ಹುಂಡಿಯೆಂದು ಭಾವಿಸಿರಿ. ಮಣ್ಣಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳು ಅತ್ಯಲ್ಪವಾಗಿ ಬೆರೆತಿರುತ್ತವೆ. ಅವುಗಳಿಂದ ಹೊರಡುವ ವಿಕಿರಣವು ಕಣದೊಳಗೆ ವರ್ಷವರ್ಷವೂ ಒಂದಿಷ್ಟು ಶಕ್ತಿಯನ್ನು ಕೂಡಿಡುತ್ತದೆ. ಬಿಸಿಲು ಬಿದ್ದೊಡನೆ ಹುಂಡಿ ಬರಿದಾಗುತ್ತದೆ. ಮೇಲೆ ಮಣ್ಣು ಮುಚ್ಚಿ ಕತ್ತಲಾದರೆ ಮತ್ತೆ ತುಂಬತೊಡಗುತ್ತದೆ. ಪ್ರಯೋಗಶಾಲೆಯಲ್ಲಿ ಅದೇ ಕಣದ ಮೇಲೆ ನೀಲಿ ಅಥವಾ ಹಸಿರು ಬೆಳಕನ್ನು ಹಾಯಿಸಿದರೆ, ಕೂಡಿಟ್ಟ ಶಕ್ತಿಯು ಮಿಣುಕು ಬೆಳಕಾಗಿ ಹೊರಬೀಳುವುದು. ಅದನ್ನು ಅಳೆದು ಒಟ್ಟು ಗಳಿಕೆಯನ್ನು ತಿಳಿದು, ಒಂದು ವರ್ಷದ ಗಳಿಕೆಯಿಂದ ಭಾಗಿಸಿದರಾಯಿತು. ವರ್ಷಕ್ಕೆ 2 ಪಾಲಿನಂತೆ ಒಟ್ಟು 1,50,000 ಪಾಲು ಸೇರಿದ್ದರೆ, ಆ ಮರಳು ಕೊನೆಯ ಬಾರಿ ಬಿಸಿಲು ಕಂಡು 75,000 ವರ್ಷಗಳಾದುವೆಂದು ಅರ್ಥ. 1985ರಲ್ಲಿ ಕೆನಡಾದ ಡೇವಿಡ್ ಹಂಟ್ಲಿ ಮತ್ತು ಸಂಗಡಿಗರು ತೋರಿಸಿಕೊಟ್ಟ ಈ ಉಪಾಯಕ್ಕೆ ಲ್ಯುಮಿನೆಸೆನ್ಸ್ ಕಾಲನಿರ್ಣಯವೆಂದು ಹೆಸರು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಇಂಗ್ಲೆಂಡಿನ ಕೇಂಬ್ರಿಜಿನಲ್ಲಿದ್ದ ಮೈಕೆಲ್ ಪೆಟ್ರಾಗ್ಲಿಯ ಮೊದಲಾದವರು ಜ್ವಾಲಾಪುರದಲ್ಲಿ ಈ ಕ್ರಮವನ್ನು ಬಳಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೂದಿಯ ಕೆಳಗಿನ ಮರಳಿಗೆ 77,000 ವರ್ಷ, ಆರು ಸಾವಿರ ಹೆಚ್ಚುಕಡಮೆ. ಮೇಲಿನದಕ್ಕೆ 74,000, ಏಳು ಸಾವಿರ ಹೆಚ್ಚುಕಡಮೆ. ಎರಡು ಪದರಗಳ ಆಯುಧಗಳಲ್ಲಿಯೂ ಬಹಳ ಹೋಲಿಕೆಯಿದೆ. ಆದುದರಿಂದ ಜನ ನಿರ್ಮೂಲವಾಗಲಿಲ್ಲವೆಂದು ಇವರ ಅಭಿಪ್ರಾಯ. ಎಲ್ಲ ಪಂಡಿತರೂ ಒಪ್ಪಿದ್ದಾರೆಂದಲ್ಲ. ಹೆಚ್ಚುಕಡಮೆಯೇ ಸಾವಿರಾರು ವರ್ಷಗಳಷ್ಟಿರುವಾಗ, ಬೂದಿ ಬಿದ್ದ ಮೇಲೆ ಜನ ಅಲ್ಲಿಯೇ ಉಳಿದರೋ, ನೂರಾರು ವರ್ಷಗಳ ಅನಂತರ ಬೇರೆಯವರು ಬಂದರೋ ಎಂಬುದನ್ನು ಮರಳೊಂದೇ ತೀರ್ಮಾನಿಸಲಾರದು.

ಈ ಸಾಕ್ಷಿ ಬಹು ಸೂಕ್ಷ್ಮವಾದುದು. ವಿಜ್ಞಾನಿಗಳು ಉಕ್ಕಿನ ಕೊಳವೆಯನ್ನು ಮಣ್ಣಿನ ಗೋಡೆಗೆ ಹೊಡೆದು ಸೇರಿಸಿ, ಬಾಯಿಗಳನ್ನು ಬೆಳಕು ನುಸುಳದಂತೆ ಮುಚ್ಚಿ ಒಯ್ದು, ಹಿಂದೆ ಫೋಟೋ ತೊಳೆಯುತ್ತಿದ್ದ ಕತ್ತಲೆಕೋಣೆಯಂತಹ ಕೋಣೆಯಲ್ಲಿ ಮಂದವಾದ ಕೆಂಪು ದೀಪದಲ್ಲಿ ತೆರೆಯುತ್ತಾರೆ. ನಾವೋ, ಒಂದು ಯಂತ್ರವನ್ನು ತಂದು ದಿಬ್ಬವನ್ನೇ ಅಗೆದು ಲಾರಿಗೆ ತುಂಬುತ್ತೇವೆ. ಎಪ್ಪತ್ತು ಸಾವಿರ ವರ್ಷ ಕಾದಿಟ್ಟ ಲೆಕ್ಕ ಕೆಲವು ನಿಮಿಷಗಳ ಬಿಸಿಲಿನಲ್ಲಿ ಅಳಿಸಿಹೋಗುವುದು. ಮತ್ತೆ ಬರೆಯಲು ಬಾರದು.

ಆದುದರಿಂದ ವಾಚಕರಲ್ಲಿ ಒಂದು ವಿನಂತಿ. ರಜೆಯಲ್ಲಿ ಊರಿಗೆ ಹೋದಾಗ, ಹೊಲದಂಚಿನಲ್ಲೋ ಹೊಳೆಯ ದಂಡೆಯಲ್ಲೋ ಒಡೆದು ಚೂಪು ಮಾಡಿದಂಥ ಕಲ್ಲು ಮಣ್ಣಿನಲ್ಲಿ ಹುದುಗಿರುವುದನ್ನು ಮಕ್ಕಳು ಕಂಡರೆ, ಕಿತ್ತು ತಂದು ಗಾಜಿನ ಬೀರುವಿನಲ್ಲಿ ಇಡಗೊಡಬೇಡಿರಿ. ಇದ್ದಲ್ಲಿಯೇ ಚಿತ್ರ ತೆಗೆದು, ಪುರಾತತ್ತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯಕ್ಕೋ ತಿಳಿಸಿರಿ. ಕಿತ್ತು ತಂದ ಕಲ್ಲು ಬರಿಯ ಕಲ್ಲು. ಮಣ್ಣಿನೊಡನೆ ಇರುವ ಕಲ್ಲಿಗೇ ವಯಸ್ಸು.