ಅಪ್ಪನ ಜನತಾ ವಾಚು, ಸ್ವಿಸ್ಸಿನವರ ಅಟ್ಟ

ಕೆಲ ತಿಂಗಳ ಹಿಂದೆ ಬೆಂಗಳೂರಿನ ಒಂದು ಮಾಲಿನಲ್ಲಿ ಸ್ವಿಸ್ ವಾಚಿನ ಅಂಗಡಿಗೆ ಸುಮ್ಮನೆ ಹೊಕ್ಕೆ. ಕೊಳ್ಳೋ ಯೋಚನೆ ಏನಿಲ್ಲ ಬಿಡಿ, ಒಳಗೆ ಎಸಿ ಇತ್ತು :) ಅಲ್ಲಿದ್ದ ಹುಡುಗ ಬಿಳಿ ಗ್ಲೌಸ್ ಹಾಕ್ಕೊಂಡು ಒಂದು ವಾಚು ತೋರಿಸಿ, "ಇದು ಬರೀ ವಾಚಲ್ಲ ಸರ್, ಹೆರಿಟೇಜ್" ಅಂದ. ಬೆಲೆ ಕೇಳಿದೆ. ನಮ್ಮ ಸತ್ತಿಯಲ್ಲಿ ಆ ದುಡ್ಡಿಗೆ ಟ್ರ್ಯಾಕ್ಟರ್ ಬರುತ್ತೆ, ಟ್ರೇಲರ್ ಸಮೇತ!

ಆಗ ನನ್ನ ಜೇಬಿನಲ್ಲಿ ಅಪ್ಪನ ಎಚ್‌ಎಂಟಿ ಜನತಾ ಇತ್ತು. ಹಿಂದಿನ ವಾರ ನನ್ನ ಕೈಯಿಂದಲೇ ಬಿದ್ದು ನಿಂತಿತ್ತು. 1976ರಲ್ಲಿ ಮದುವೇಲಿ ಮಾವನ ಮನೆಯವರು ಕೊಟ್ಟಿದ್ದು. ನಮ್ಮ ಕಡೆ ಆಗ ಅಳಿಯನಿಗೆ ವಾಚು, ಉಂಗುರ, ಆದ್ರೆ ಒಂದು ಸೈಕಲ್ಲು. ಅಪ್ಪ ದಿನಾ ಬೆಳಿಗ್ಗೆ ಚಹಾ ಕುಡಿಯೋಕಿಂತ ಮುಂಚೆ ಅದಕ್ಕೆ ಚಾವಿ ಕೊಡ್ತಿದ್ದ. ರಾತ್ರಿ ಕಬ್ಬಿಗೆ ನೀರು ಬಿಡಲು ಹೋದಾಗ ಕರೆಂಟ್ ಬಂದಿದ್ದೆಷ್ಟಕ್ಕೆ, ಹೋಗಿದ್ದೆಷ್ಟಕ್ಕೆ ಅನ್ನೋದಕ್ಕೆ ಅದೇ ಸಾಕ್ಷಿ. ಗ್ಲೌಸ್ ಹಾಕ್ಕೊಂಡು ಮುಟ್ಟಿದ್ದು ಯಾರೂ ನೋಡಿಲ್ಲ.

ಹಾಗಾದ್ರೆ ಯಾವುದು ಹೆರಿಟೇಜ್? ನನಗೆ ಅನ್ನಿಸೋದು ಹೇಳ್ತೀನಿ. ಹಳೇದಾದ್ರೆ ಸಾಲದು, ದುಬಾರಿಯಾದ್ರೂ ಸಾಲದು. ಕೆಟ್ಟಾಗ ಅದರ ಭಾಗ ಸಿಗಬೇಕು, ಹಾಕೋಕೆ ಬರೋ ಕೈ ಇರಬೇಕು. ಸ್ವಿಸ್ಸಿನವರು ಉಳಿಸಿಕೊಂಡಿದ್ದು ಅದನ್ನ.

ಅವರಿಗೂ ಇದು ಸಲೀಸಾಗಿ ಸಿಕ್ಕಿದ್ದಲ್ಲ. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕ್ವಾರ್ಟ್ಜ್ ವಾಚು ತಂತು. 1970ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ವಾಚು ಉದ್ಯಮದಲ್ಲಿ ಸುಮಾರು 90 ಸಾವಿರ ಜನ ಇದ್ದರು. 80ರ ದಶಕದಲ್ಲಿ ಉಳಿದದ್ದು ಹೆಚ್ಚೂಕಡಿಮೆ ಮೂರರಲ್ಲೊಂದು ಪಾಲು. ಲ ಲೋಕ್ಲ್ ಅನ್ನೋ ಊರಲ್ಲಿ 1865ರಿಂದ ಇರೋ ಜೆನಿತ್ ಕಂಪನಿಯನ್ನ ಅಷ್ಟೊತ್ತಿಗೆ ಅಮೆರಿಕದವರು ಕೊಂಡಿದ್ದರು. 1975ರಲ್ಲಿ ಅವರ ಆಜ್ಞೆ ಬಂತು: ಚಾವಿ ವಾಚು ಸಾಕು, ಉಪಕರಣ ಎಲ್ಲಾ ಮಾರಿ. ಶಾರ್ಲ್ ವೆರ್ಮೋ ಅನ್ನೋ ನೌಕರ ಒಪ್ಪಲಿಲ್ಲ. 1969ರಲ್ಲಿ ಬಂದಿದ್ದ 'ಎಲ್ ಪ್ರಿಮೆರೊ' ಯಂತ್ರದ ನಕ್ಷೆ, ಅಚ್ಚು, ಉಪಕರಣಗಳನ್ನ ಗುಟ್ಟಾಗಿ ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿ, ಯಾವುದು ಯಾವುದಕ್ಕೆ ಅಂತ ಬರೆದಿಟ್ಟ. 1984ರಲ್ಲಿ ಆ ಯಂತ್ರ ಮತ್ತೆ ಬೇಕಾದಾಗ ಅಟ್ಟದ ಬಾಗಿಲು ತೆಗೆದರು, ಅಷ್ಟೆ. ಆಮೇಲೆ ರೋಲೆಕ್ಸ್ ಕೂಡ ತನ್ನ ಡೇಟೋನಾಕ್ಕೆ ಅದನ್ನೇ ಕೊಂಡಿತು!

ಇನ್ನು ನಮ್ಮ ಕಥೆ. 1953ರಲ್ಲಿ ಬೆಂಗಳೂರಲ್ಲಿ ಎಚ್‌ಎಂಟಿ ಶುರುವಾಗಿದ್ದೇ ಸ್ವಿಸ್ ಕಂಪನಿ ಓರ್ಲಿಕಾನ್ ಜೊತೆ, ಯಂತ್ರ ಮಾಡೋ ಯಂತ್ರಗಳಿಗೆ. ವಾಚಿಗೆ ಮಾತ್ರ 1961ರಲ್ಲಿ ಜಪಾನಿನ ಸಿಟಿಜನ್ ಕೈ ಹಿಡಿದರು. ಜನತಾ, ಪೈಲಟ್, ಕೊಹಿನೂರ್, ಕುರುಡರಿಗಾಗಿ ಬ್ರೈಲ್ ವಾಚು... ತುಮಕೂರಲ್ಲೂ ಕಾರ್ಖಾನೆ ಬಂತು. ಅದೇ ಕ್ವಾರ್ಟ್ಜು ನಮ್ಮಲ್ಲಿ ಟೈಟಾನ್ ರೂಪದಲ್ಲಿ ಬಂದು ಹೊಡೀತು. ಟೈಟಾನ್ ತಪ್ಪು ಅಂತಲ್ಲ, ಅವರು ಚೆನ್ನಾಗಿ ಮಾಡಿದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಸಮಿತಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಒಪ್ಪಿಗೆ ಕೊಟ್ಟಿತು. ತುಮಕೂರಿನ ಜಾಗ ಇಸ್ರೋಗೆ ಹೋಯ್ತು. ರಾಕೆಟ್ಟಿಗೆ ಹೋಯ್ತಲ್ಲ, ಪುಣ್ಯ.

ನಷ್ಟದ ಕಾರ್ಖಾನೆಯನ್ನ ಸರ್ಕಾರ ಎಷ್ಟು ವರ್ಷ ಸಾಕಬೇಕು ಅಂತ ಕೇಳಿದರೆ ನನ್ನ ಹತ್ರ ಉತ್ತರ ಇಲ್ಲ. ಆದರೆ ಮುಚ್ಚುವಾಗ ನಮ್ಮ ಮಾತೆಲ್ಲ ಜಾಗದ್ದು, ನೌಕರರ ಪರಿಹಾರದ್ದು. ಜನರ ಕೈಯಲ್ಲಿರೋ ವಾಚುಗಳಿಗೆ ಮುಂದೆ ಭಾಗ ಎಲ್ಲಿಂದ ಅಂತ ನಾವ್ಯಾರೂ ಗಟ್ಟಿಯಾಗಿ ಕೇಳಲಿಲ್ಲ. ನಾನೂ ಕೇಳಲಿಲ್ಲ. ಜಾಲಹಳ್ಳಿಯಲ್ಲಿ ಎಚ್‌ಎಂಟಿ ಮ್ಯೂಸಿಯಂ ಇದೆ, ಮಕ್ಕಳನ್ನ ಕರ್ಕೊಂಡು ಹೋಗಿ, ಚೆನ್ನಾಗಿದೆ. ಆದರೆ ಗಾಜಿನ ಹಿಂದಿನ ವಾಚು ನನ್ನ ವಾಚನ್ನ ನಡೆಸೋದಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅಥಣಿಯ ಹಳೇ ರಿಪೇರಿಯವರ ಹತ್ರ ಒಯ್ದೆ. ಕಣ್ಣಿಗೆ ಬೂದುಗಾಜು ಏರಿಸಿ ನೋಡಿದರು.

"ಬ್ಯಾಲೆನ್ಸ್ ಹೋಗೈತ್ರಿ. ಹೊಸಾದು ನನ್ನ ಕಡೆ ಇಲ್ಲ. ಸತ್ತ ವಾಚಿನ್ಯಾಗಿಂದು ತಗದು ಹಾಕ್ತೀನಿ, ನಡೀತೈತಿ?"

ನಡೀತೈತ್ರಿ ಅಂದೆ. ಡಬ್ಬಿ ತುಂಬ ಬಿಚ್ಚಿದ ಜನತಾಗಳು. "ಡಯಲ್ಲಿಗೆ ಹೊಸಾ ಬಣ್ಣಾ ಹೊಡದು ಕೊಡ್ಲೇನ್ರಿ? ಈಗ ಎಲ್ಲಾರೂ ಅದನ್ನ ಕೇಳ್ತಾರ" ಅಂದರು. ಬೇಡ ಅಂದೆ. ಹಾಗೆ ಬಣ್ಣ ಬಳಿದ 'ಹಳೇ' ಎಚ್‌ಎಂಟಿಗಳು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ. ಕೊಳ್ಳೋರು ಹುಷಾರು.

ಕೆಲಸ ಯಾರಿಗಾದರೂ ಕಲಿಸಿದೀರಾ ಅಂತ ಕೇಳಿದೆ. "ಮಗಾ ಮೊಬೈಲ್ ಅಂಗಡಿ ಹಾಕ್ಯಾನ್ರಿ" ಅಂದು ನಕ್ಕರು.

ಈಗ ವಾಚು ನಡೀತಿದೆ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತೆ. ಬರುವಾಗ ಡಬ್ಬಿಯಿಂದ ಇನ್ನೊಂದು ಸತ್ತ ಜನತಾನೂ ಕೊಂಡು ತಂದೆ. ನಮ್ಮ ಮನೆ ಅಟ್ಟದ ಮೇಲೆ ಇಟ್ಟೀನಿ.