ನಗರ ಕಟ್ಟುವವರಿಗೆ ನಗರದಲ್ಲಿ ನೆಲೆಯೆಲ್ಲಿ?

ಬೆಂಗಳೂರಿನ ಹೊರವಲಯದಲ್ಲಿ ಬಹುಮಹಡಿ ಕಟ್ಟಡಗಳ ಪಕ್ಕದ ಖಾಲಿ ಜಾಗಗಳಲ್ಲಿ ನೀಲಿ ತಾಡಪಾಲಿನ ಗುಡಿಸಲುಗಳ ಸಾಲನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿರುವವರಲ್ಲಿ ಅನೇಕರು ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ದುಡಿಮೆ ಅರಸಿ ಬಂದ ನಮ್ಮ ನಾಡಿನವರೇ. ಗಾರೆ ಕಲಸುವ, ಇಟ್ಟಿಗೆ ಹೊರುವ, ಮನೆಗೆಲಸ ಮಾಡುವ ಈ ಕೈಗಳನ್ನು ನಗರವು ಬಯಸುತ್ತದೆ. ಅವರ ನೆಲೆಯನ್ನು ಮಾತ್ರ ಅತಿಕ್ರಮಣವೆಂದು ಕಾಣುತ್ತದೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 6.5 ಕೋಟಿ ಜನ ಕೊಳೆಗೇರಿಗಳಲ್ಲಿ ವಾಸಿಸುತ್ತಿದ್ದರು. ಸರ್ಕಾರದ ಮಾನ್ಯತೆ ಪಡೆದ ಕೇರಿಗಳ ಹೊರತಾಗಿ, ಕನಿಷ್ಠ 300 ಜನ ಅಥವಾ 60-70 ಕುಟುಂಬಗಳು ಒತ್ತಾಗಿರುವ ಪ್ರದೇಶಗಳನ್ನಷ್ಟೇ ಆಗ ಕೊಳೆಗೇರಿಯೆಂದು ಗುರುತಿಸಲಾಯಿತು. ಇಪ್ಪತ್ತು ಗುಡಿಸಲುಗಳ ಪುಟ್ಟ ನೆಲೆ ಆ ವ್ಯಾಖ್ಯೆಯ ಹೊರಗೇ ಉಳಿಯಿತು. ನಮ್ಮ ರಾಜ್ಯದ 1973ರ ಕೊಳೆಗೇರಿ ಕಾಯ್ದೆಯಲ್ಲಿಯೂ ಸರ್ಕಾರದ ಘೋಷಣೆಯೇ ಅಭಿವೃದ್ಧಿಯ ಹೆಬ್ಬಾಗಿಲು. ಘೋಷಣೆಯಾಗದ ನೆಲೆಗೆ ನೀರು, ಶೌಚಾಲಯ, ಹಕ್ಕುಪತ್ರಗಳೆಲ್ಲವೂ ದೂರವೇ.

ಆದರೂ ಬಡವರು ಕೇವಲ ನೆರವಿಗೆ ಕಾಯುವವರಲ್ಲ. ಎಬ್ಬಿಸುವ ಭಯ ಕಡಿಮೆಯಾದಂತೆ ತಾಡಪಾಲು ತಗಡಾಗುತ್ತದೆ, ತಗಡು ಇಟ್ಟಿಗೆಯ ಗೋಡೆಯಾಗುತ್ತದೆ; ಮುಂಬಾಗಿಲಲ್ಲಿ ಪುಟ್ಟ ಅಂಗಡಿ ತೆರೆಯುತ್ತದೆ. ನಾಳೆಯ ಭರವಸೆಯಿದ್ದಲ್ಲಿ ಅವರು ತಮ್ಮ ದುಡಿಮೆಯಿಂದಲೇ ಕೇರಿಯನ್ನು ಊರಾಗಿಸುತ್ತಾರೆ. ಅಂಥವರನ್ನು ನಗರದಾಚೆಯ ಬಹುಮಹಡಿ ಮನೆಗಳಿಗೆ ಸಾಗಿಸಿದರೆ ಸೂರು ದೊರೆತರೂ ಕೆಲಸ ಕೈತಪ್ಪುತ್ತದೆ. ದಿನಗೂಲಿಯ ದೊಡ್ಡ ಪಾಲು ಬಸ್ಸಿನ ದಾರಿಗೇ ಸಂದುಹೋಗುತ್ತದೆ.

1985ರಲ್ಲಿ ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ ಎಂದು ಸಾರಿತು. ತೆರವನ್ನು ಅದು ಸಂಪೂರ್ಣ ನಿಷೇಧಿಸಲಿಲ್ಲ, ನ್ಯಾಯಯುತ ಕ್ರಮವಿರಬೇಕೆಂದಿತು. ಮನೆಯೂ ದುಡಿಮೆಯೂ ಬೇರೆಯಲ್ಲವೆಂಬ ಆ ವಿವೇಕವನ್ನು ನಮ್ಮ ನಗರಯೋಜನೆಗಳು ಇನ್ನೂ ಮೈಗೂಡಿಸಿಕೊಂಡಿಲ್ಲ.

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ಮುಂದಿನ ಜನಗಣತಿ ನಿಗದಿಯಾಗಿದೆ. ಎಷ್ಟೇ ಚಿಕ್ಕದಾದ ನೆಲೆಯೂ ಈ ಬಾರಿ ಲೆಕ್ಕದಲ್ಲಿ ಕಾಣಿಸಬೇಕು. ಪುನರ್ವಸತಿ ಕೆಲಸದ ಸಮೀಪದಲ್ಲೇ ಆಗಬೇಕು. ಇದು ಸರ್ಕಾರದ ಹೊಣೆ. ಆದರೆ ಜಾಗದ ಒಡೆಯರು, ಗುತ್ತಿಗೆದಾರರು, ಮನೆಗೆಲಸಕ್ಕೆ ಕರೆಯುವ ಗೃಹಸ್ಥರು ನಮ್ಮ ಸದ್ಭಕ್ತರಲ್ಲಿಯೂ ಇದ್ದಾರೆ. ದುಡಿಯುವವರಿಗೆ ಕುಡಿಯುವ ನೀರು, ಶೌಚಾಲಯ ಒದಗಿಸುವುದು, ಅವರ ಮಕ್ಕಳನ್ನು ಶಾಲೆಗೆ ಸೇರಿಸಲು ನೆರವಾಗುವುದು ನಮ್ಮ ಕೈಯಲ್ಲೇ ಇದೆ. ಕಾಯಕವನ್ನು ಗೌರವಿಸುವ ಸಮಾಜವು ಕಾಯಕಜೀವಿಯ ನೆಲೆಯನ್ನೂ ಗೌರವಿಸಬೇಕಲ್ಲವೇ?