ಪುಟ್ಟ ಗಾಡಿಗೆ ದೊಡ್ಡ ಯಂತ್ರ

1957ರಲ್ಲಿ ಇಟಲಿಯಲ್ಲಿ ಹೊರಬಂದ ಫಿಯಟ್ 500 ಎಂಬ ಪುಟ್ಟ ಮೋಟಾರುಗಾಡಿಯನ್ನು ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡು ಬಂದವರುಂಟು. ಡಾಂಟೆ ಜಿಯಕೋಸ ಎಂಬ ಯಂತ್ರಶಿಲ್ಪಿಯ ಕೃತಿಯಿದು. ಹಿಂಭಾಗದಲ್ಲಿ ಎರಡು ಸಿಲಿಂಡರುಗಳ ಯಂತ್ರ. ನೀರಿನ ಗೊಡವೆಯಿಲ್ಲ, ಬೀಸಣಿಗೆಯ ಗಾಳಿಯೇ ಅದಕ್ಕೆ ಶೈತ್ಯೋಪಚಾರ. ಇದರ 'ಎಫ್' ಮಾದರಿಯ ಯಂತ್ರದ ಗಾತ್ರ 499 ಘನ ಸೆಂಟಿಮೀಟರು, ಬಲ 18 ಅಶ್ವಶಕ್ತಿ. ಗುಡ್ಡವೇರುವಾಗ ಅದು ಏದುಸಿರು ಬಿಡುವುದನ್ನು ನೋಡಲಾರದ ಒಡೆಯರು, 1972ರಲ್ಲಿ ಬಂದ ಫಿಯಟ್ 126ರ 594 ಘನ ಸೆಂಟಿಮೀಟರಿನ ಯಂತ್ರವನ್ನೋ, ತರುವಾಯದ 652ರದನ್ನೋ ತಂದು ಕೂಡಿಸುತ್ತಾರೆ. ಎಲ್ಲವೂ ಒಂದೇ ವಂಶದವಾದುದರಿಂದ ಹೊಂದಿಕೆ ಅಷ್ಟು ಕಷ್ಟವಲ್ಲ. ಬಲವು 23, 24 ಅಶ್ವಶಕ್ತಿಗೆ ಏರುವುದು.

ಏರುವುದೇನೋ ಸರಿ, ನಿಲ್ಲುವ ಬಗೆ? ನಾಲ್ಕು ಗಾಲಿಗಳಿಗೂ ಹಳೆಯ ಡ್ರಮ್ ಬ್ರೇಕುಗಳೇ ಗತಿ. ವೇಗವು ಹತ್ತರಲ್ಲೊಂದಂಶ ಹೆಚ್ಚಿದರೆ ಬ್ರೇಕು ನುಂಗಬೇಕಾದ ಶಕ್ತಿಯು ಐದರಲ್ಲೊಂದಂಶಕ್ಕಿಂತ ಅಧಿಕವಾಗುವುದೆಂಬುದು ಗಣಿತ. ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಘಾಟಿಯಿಳಿಯುವ ಗೃಹಸ್ಥನು ಇದನ್ನು ಮರೆಯತಕ್ಕುದಲ್ಲ. ಕಂಪೆನಿಯವರೇ '500 ಆರ್' ಎಂಬ ಕಡೆಯ ಮಾದರಿಗೆ 594ರ ಯಂತ್ರವನ್ನಿಟ್ಟರೂ ಬಲವನ್ನು 18 ಅಶ್ವಶಕ್ತಿಗೇ ಬಿಗಿಹಿಡಿದರು! ಆದಕಾರಣ ನನ್ನ ಮತದಲ್ಲಿ ಮೊದಲು ಬ್ರೇಕಿನ ದುರಸ್ತಿ, ಅನಂತರವೇ ಯಂತ್ರದ ಮಾತು. ಯಂತ್ರವನ್ನು ಕೂಡಿಸುವಾಗಲೂ ಅದನ್ನು ಸುತ್ತುವರಿದ ತಗಡಿನ ಹೊದಿಕೆಯಲ್ಲಿ ಸಂದುಬಿಡಬಾರದು. ಬಿಟ್ಟರೆ ಕಾದ ಗಾಳಿಯೇ ಮರಳಿ ಬೀಸಣಿಗೆಗೆ ಸೇರಿ, ಸಿಲಿಂಡರು ತಣಿಯದೆ ಬೇಯತೊಡಗುವುದು.